ಬೂಸ್ಟರ್ ಸೀಟು: ಆರಿಸೋದು ಹೇಗೆ, ಮಗುವನ್ನು ಕೂರಿಸೋದು ಹೇಗೆ

ಕಾರಿನ ಸೀಟ್ ಬೆಲ್ಟ್ ದೊಡ್ಡವರ ಮೈಗೆ ತಕ್ಕಂತೆ ಮಾಡಿದ್ದು. 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುವಿನ ಬೆಲ್ಟೇ ಇವತ್ತಿನ ಕಾರುಗಳಲ್ಲೂ ಇರುವುದು. ಕೆಳಗಿನ ಪಟ್ಟಿ ಸೊಂಟದ ಗಟ್ಟಿ ಮೂಳೆಯನ್ನು ಹಿಡಿಯಬೇಕು, ಮೇಲಿನ ಪಟ್ಟಿ ಭುಜ ಮತ್ತು ಎದೆಗೂಡನ್ನು ಹಿಡಿಯಬೇಕು. ಡಿಕ್ಕಿಯಾದಾಗ ಬರುವ ಏಟೆಲ್ಲ ಈ ಗಟ್ಟಿ ಮೂಳೆಗಳ ಮೇಲೆ ಹಂಚಿಹೋಗಬೇಕು ಅನ್ನೋದು ಅದರ ಲೆಕ್ಕ.

ಈಗ ಆರು ವರ್ಷದ ಮಗುವನ್ನು ಅದೇ ಸೀಟಿನಲ್ಲಿ ಸುಮ್ನೆ ಕೂರಿಸಿ, ಬೆಲ್ಟ್ ಹಾಕಿ ನೋಡಿ. ಕೆಳಗಿನ ಪಟ್ಟಿ ಸೊಂಟ ಬಿಟ್ಟು ಹೊಟ್ಟೆಯ ಮೇಲೆ ಹತ್ತಿ ಕೂತಿರುತ್ತದೆ. ಮೇಲಿನದು ಕತ್ತಿಗೆ ಉಜ್ಜುತ್ತಿರುತ್ತದೆ. ಮಗುವಿಗೆ ಕಿರಿಕಿರಿ. ಐದು ನಿಮಿಷದಲ್ಲಿ ಆ ಪಟ್ಟಿಯನ್ನು ಕಂಕುಳ ಕೆಳಗೆ ತಳ್ಳಿಕೊಳ್ಳುತ್ತದೆ, ಇಲ್ಲವೇ ಬೆನ್ನ ಹಿಂದೆ ಹಾಕಿಕೊಳ್ಳುತ್ತದೆ. ಸೀಟು ಆಳವಾಗಿರುವುದರಿಂದ ಮೊಣಕಾಲು ಅಂಚಿನಲ್ಲಿ ಮಡಚುವುದಿಲ್ಲ. ಕಾಲು ಮಡಚಲಿಕ್ಕಾಗಿ ಮಗು ಮುಂದಕ್ಕೆ ಜಾರುತ್ತದೆ, ಪಟ್ಟಿ ಇನ್ನಷ್ಟು ಹೊಟ್ಟೆಗೆ ಏರುತ್ತದೆ.

ಬೂಸ್ಟರ್ ಸೀಟಿನ ಕೆಲಸ ಇಷ್ಟೇ. ಮಗುವನ್ನು ಎತ್ತರಕ್ಕೆ ಕೂರಿಸಿ, ಕಾರಿನ ಬೆಲ್ಟು ಸರಿಯಾದ ಜಾಗದಲ್ಲಿ ಬೀಳುವಂತೆ ಮಾಡುವುದು. ಮಗುವನ್ನು ಹಿಡಿದಿಡುವುದು ಬೂಸ್ಟರ್ ಅಲ್ಲ, ಬೆಲ್ಟು. ಬಹುತೇಕ ಗೊಂದಲಗಳೆಲ್ಲ ಈ ಮಾತನ್ನು ಮರೆತಾಗ ಹುಟ್ಟುವಂಥವು. ಎಷ್ಟು ಮೆತ್ತಗಿದೆ, ಕಪ್ ಹೋಲ್ಡರ್ ಇದೆಯಾ, ಯಾವ ಬಣ್ಣ ಅಂತ ನೋಡುತ್ತಾ ನಿಲ್ಲುತ್ತೇವೆ. ಬೆಲ್ಟು ಎಲ್ಲಿ ಬೀಳ್ತಿದೆ ಅಂತ ನೋಡುವುದೇ ಇಲ್ಲ.

ಹೊಟ್ಟೆಯ ಮೇಲೆ ಬೆಲ್ಟು ಬಂದರೆ ಏನಾಗುತ್ತದೆ?

ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಗೋಡೆಗೆ ಗುದ್ದಿ ನಿಂತರೆ, ಬೆಲ್ಟಿಲ್ಲದ ಮೈಗೆ ಅದು ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಊರೊಳಗಿನ ಮಾಮೂಲಿ ವೇಗವೇ ಇದು. ಆ ಏಟನ್ನು ಸೊಂಟದ ಮೂಳೆ ತಡೆದುಕೊಳ್ಳಬಲ್ಲದು. ಹೊಟ್ಟೆಯಲ್ಲಿ ತಡೆಯಲು ಮೂಳೆಯೇ ಇಲ್ಲ. ಪಟ್ಟಿ ನೇರವಾಗಿ ಕರುಳು, ಪಿತ್ತಜನಕಾಂಗದ (ಲಿವರ್) ಕಡೆಗೆ ಒತ್ತುತ್ತದೆ. ಮೈ ಆ ಪಟ್ಟಿಯ ಮೇಲೆ ಮಡಚಿಕೊಳ್ಳುವುದರಿಂದ ಬೆನ್ನುಮೂಳೆಗೂ ಪೆಟ್ಟಾಗುತ್ತದೆ. ಇಂಥ ಗಾಯಗಳ ಗುಂಪಿಗೆ ವೈದ್ಯರು ಸೀಟ್ ಬೆಲ್ಟ್ ಸಿಂಡ್ರೋಮ್ ಅನ್ನುತ್ತಾರೆ.

ಮಕ್ಕಳಲ್ಲಿ ಇನ್ನೊಂದು ತೊಂದರೆ ಇದೆ. ಸೊಂಟದ ಮುಂಭಾಗದಲ್ಲಿ ಕೈಯಿಟ್ಟರೆ ಎರಡು ಕಡೆ ಮೂಳೆಯ ಗಟ್ಟಿ ತುದಿ ಸಿಗುತ್ತದಲ್ಲ, ದೊಡ್ಡವರಲ್ಲಿ ಬೆಲ್ಟು ಮೇಲಕ್ಕೆ ಜಾರದಂತೆ ಕೊಕ್ಕೆ ಹಾಕಿ ಹಿಡಿಯುವುದು ಅದೇ. ಚಿಕ್ಕ ಮಕ್ಕಳಲ್ಲಿ ಆ ತುದಿ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಅಂದರೆ ಸೊಂಟದಿಂದ ಜಾರಿ ಹೊಟ್ಟೆಗೆ ಏರುವುದು ಬೆಲ್ಟಿಗೆ ಸಲೀಸು. ಅದಕ್ಕೇ ಪಟ್ಟಿ ಮೊದಲೇ ಕೆಳಗೆ, ತೊಡೆಯ ಬುಡದಲ್ಲಿ ಕೂತಿರಬೇಕು.

4ರಿಂದ 8 ವರ್ಷದ ಮಕ್ಕಳಲ್ಲಿ, ಬರೀ ಸೀಟ್ ಬೆಲ್ಟಿಗೆ ಹೋಲಿಸಿದರೆ ಬೂಸ್ಟರ್ ಸೀಟು ಗಂಭೀರ ಗಾಯದ ಅಪಾಯವನ್ನು 45 ಶೇಕಡಾ ಕಡಿಮೆ ಮಾಡುತ್ತದೆ ಎನ್ನುತ್ತದೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ. ನೋಡಲು ಪ್ಲಾಸ್ಟಿಕ್ಕು, ಥರ್ಮೋಕೋಲು, ಒಂದಷ್ಟು ಬಟ್ಟೆ, ಅಷ್ಟೇ. ಆದರೆ ಲಾಭ ಇಷ್ಟು ದೊಡ್ಡದು.

ಮೊದಲ ಹೆಜ್ಜೆ: ಬೂಸ್ಟರ್‌ಗೆ ಹೋಗುವ ಕಾಲ ಬಂದಿದೆಯಾ?

ಇಲ್ಲಿ ಅವಸರ ಬೇಡ. ಮಗು ಈಗ ಕೂರುತ್ತಿರುವ ಐದು ಪಟ್ಟಿಯ ಹಾರ್ನೆಸ್ ಸೀಟು ಇನ್ನೂ ಹಿಡಿಸುತ್ತಿದ್ದರೆ ಅದರಲ್ಲೇ ಇರಲಿ. ಎರಡು ಭುಜ, ಎರಡು ಸೊಂಟ, ಕಾಲ ಸಂದು, ಹೀಗೆ ಐದು ಕಡೆ ಹಿಡಿಯುವ ಹಾರ್ನೆಸ್ ಚಿಕ್ಕ ಮೈಯನ್ನು ಬೆಲ್ಟಿಗಿಂತ ಬಿಗಿಯಾಗಿ ಹಿಡಿದಿರುತ್ತದೆ. ಮಗು ತನ್ನಷ್ಟಕ್ಕೆ ಜಾರಿಕೊಂಡು ಹೊರಬರುವುದೂ ಕಷ್ಟ. 'ದೊಡ್ಡವನಾದ, ಬೂಸ್ಟರ್ ಕೊಡಿಸಿದ್ವಿ' ಅಂತ ಖುಷಿಯಿಂದ ಹೇಳುವವರು ಜಾಸ್ತಿ. ರಕ್ಷಣೆಯ ಲೆಕ್ಕದಲ್ಲಿ ಮಾತ್ರ ಅದು ಒಂದು ಮೆಟ್ಟಿಲು ಇಳಿದ ಹಾಗೆಯೇ.

ಹಾರ್ನೆಸ್ ಸೀಟು ಚಿಕ್ಕದಾಯಿತು ಅಂತ ತಿಳಿಯೋದು ಹೇಗೆ? ಸೀಟಿನ ಪಕ್ಕದಲ್ಲಿ ಅಂಟಿಸಿದ ಲೇಬಲ್‌ನಲ್ಲಿ ತೂಕ, ಎತ್ತರದ ಗರಿಷ್ಠ ಮಿತಿ ಬರೆದಿರುತ್ತದೆ. ಅದರಲ್ಲಿ ಒಂದು ದಾಟಿದರೂ ಆಯಿತು. ಮುಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಹಾರ್ನೆಸ್ ಪಟ್ಟಿ ಹೊರಬರುವ ಕಿಂಡಿಯನ್ನು ಎಷ್ಟು ಏರಿಸಿದರೂ ಅದು ಭುಜಕ್ಕಿಂತ ಕೆಳಗೇ ಉಳಿದರೆ ಆಗಲೂ ಮುಗಿಯಿತು ಅಂತಲೇ ಅರ್ಥ.

ವಯಸ್ಸು, ತೂಕ ಸರಿಹೊಂದಿದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಮಗು ನೆಟ್ಟಗೆ ಕೂರುತ್ತದಾ? ಬೂಸ್ಟರ್‌ನಲ್ಲಿ ಮಗುವನ್ನು ಕಟ್ಟಿಹಾಕಿರುವುದಿಲ್ಲ. ಪಕ್ಕಕ್ಕೆ ವಾಲಿ ಕಿಟಕಿಗೆ ಮುಖ ಒತ್ತಿದರೆ, ಬಿದ್ದ ಆಟಿಕೆಗೆ ಬಗ್ಗಿದರೆ, ಬೆಲ್ಟಿನಿಂದ ಕೈ ಹೊರತೆಗೆದರೆ ಬೆಲ್ಟಿನ ಜಾಗ ತಪ್ಪಿತು. 4 ವರ್ಷ ಮತ್ತು 18 ಕೆ.ಜಿ. ಆಗುವ ಮುನ್ನವಂತೂ ಬೇಡ. 5 ವರ್ಷ ದಾಟಿದರೂ ದಾರಿಯುದ್ದಕ್ಕೂ ನೆಟ್ಟಗೆ ಕೂರಲು ಆಗದ ಮಕ್ಕಳಿದ್ದಾರೆ. ಅಂಥವರಿಗೆ ಇನ್ನೂ ದೊಡ್ಡ ಮಿತಿಯ ಹಾರ್ನೆಸ್ ಸೀಟೇ ಒಳ್ಳೆಯದು. ಪಕ್ಕದ ಮನೆಯ ಮಗು ಬೂಸ್ಟರ್‌ಗೆ ಹೋಯಿತು ಅನ್ನುವುದು ಕಾರಣ ಆಗಬಾರದು, ಅಲ್ವಾ?

ಎರಡನೇ ಹೆಜ್ಜೆ: ಯಾವ ಬಗೆಯದು?

ಬೆನ್ನಿರುವ ಬೂಸ್ಟರ್, ಬೆನ್ನಿಲ್ಲದ ಬೂಸ್ಟರ್. ಮುಖ್ಯವಾಗಿ ಇವೆರಡು.

ಬೆನ್ನಿರುವುದರಲ್ಲಿ ತಲೆಗೆ ಎರಡೂ ಕಡೆ ರೆಕ್ಕೆಯಂಥ ಆಸರೆ ಇರುತ್ತದೆ. ಭುಜದ ಪಟ್ಟಿ ಹಾಯಿಸಲು ತಲೆಯ ಬಳಿ ಒಂದು ಗೈಡ್ ಇರುತ್ತದೆ. ಮಗು ಬೆಳೆದಂತೆ ತಲೆಯ ಭಾಗವನ್ನು ಮೇಲಕ್ಕೆ ಎಳೆಯಬಹುದು. ಪಕ್ಕದಿಂದ ಡಿಕ್ಕಿ ಬಂದರೆ ಆ ರೆಕ್ಕೆಗಳು ಉಪಯೋಗಕ್ಕೆ ಬರುತ್ತವೆ. ಮಗು ನಿದ್ದೆ ಹೋದಾಗ ತಲೆ ಪಕ್ಕಕ್ಕೆ ಜೋತು ಬೀಳದಂತೆ ತಡೆಯುವುದೂ ಅವೇ. ನನ್ನ ಸಲಹೆ ಕೇಳಿದರೆ, ಮೊದಲ ಬೂಸ್ಟರ್ ಇದೇ ಇರಲಿ.

ಬೆನ್ನಿಲ್ಲದ್ದು ಬರೀ ಕೂರುವ ಹಲಗೆಯಂಥದ್ದು. ಹಗುರ, ಬ್ಯಾಗಿನಲ್ಲಿ ಹಿಡಿಸುತ್ತದೆ. ಆದರೆ ತಲೆಗೆ, ಪಕ್ಕೆಗೆ ಅದರಿಂದ ಏನೂ ಆಸರೆ ಇಲ್ಲ. ಹಾಗಾಗಿ ಕಾರಿನ ಹೆಡ್‌ರೆಸ್ಟ್ ಕಡೇಪಕ್ಷ ಮಗುವಿನ ಕಿವಿಯ ಮಟ್ಟಕ್ಕಾದರೂ ಬರಬೇಕು. ಹೆಡ್‌ರೆಸ್ಟ್ ಇಲ್ಲದ ಸೀಟಿನಲ್ಲಿ, ಬೆನ್ನು ಗಿಡ್ಡಗಿರುವ ಸೀಟಿನಲ್ಲಿ ಇದನ್ನು ಇಡಬಾರದು. ಯುರೋಪಿನಲ್ಲಿ ಈಗ ಹೊಸದಾಗಿ ಒಪ್ಪಿಗೆ ಪಡೆಯುವ ಬೆನ್ನಿಲ್ಲದ ಬೂಸ್ಟರ್‌ಗಳು 125 ಸೆಂ.ಮೀ. ದಾಟಿದ ಮಕ್ಕಳಿಗೆ ಮಾತ್ರ. ಬೇರೆಡೆ ನಿಯಮ ಸಡಿಲ ಇದ್ದರೂ ಆ ಅಳತೆಯನ್ನೇ ಇಟ್ಟುಕೊಳ್ಳುವುದು ಜಾಣತನ.

ಇವಲ್ಲದೆ ಹಾರ್ನೆಸ್ ಇರುವ, ಆಮೇಲೆ ಹಾರ್ನೆಸ್ ತೆಗೆದು ಬೂಸ್ಟರ್ ಮಾಡಿಕೊಳ್ಳುವ ಸೀಟುಗಳಿವೆ. ಮಗು ಇನ್ನೂ ನಾಲ್ಕರ ಆಸುಪಾಸಿನಲ್ಲಿದ್ದರೆ ಇವು ಒಳ್ಳೆಯ ಆಯ್ಕೆ. ಕೆಲವು ಕಾರುಗಳ ಹಿಂಬದಿ ಸೀಟಿನಲ್ಲೇ ಮಡಚಿ ಎತ್ತುವ ಬೂಸ್ಟರ್ ಇರುತ್ತದೆ. ಅದಕ್ಕೂ ತೂಕ, ಎತ್ತರದ ಮಿತಿ ಉಂಟು, ಕಾರಿನ ಪುಸ್ತಕದಲ್ಲಿ ನೋಡಿ.

ದಿಂಬು, ಮಡಚಿದ ಕಂಬಳಿ, ದಪ್ಪ ಪುಸ್ತಕ ಇವು ಬೂಸ್ಟರ್ ಅಲ್ಲವೇ ಅಲ್ಲ. ಡಿಕ್ಕಿಯ ಹೊತ್ತಿಗೆ ದಿಂಬು ಅಮುಕಿಹೋಗುತ್ತದೆ, ಮಗು ಬೆಲ್ಟಿನ ಅಡಿಯಲ್ಲಿ ಮುಂದಕ್ಕೆ ಜಾರುತ್ತದೆ, ಪಟ್ಟಿ ಹೊಟ್ಟೆಗೆ ಬರುತ್ತದೆ. ಬೂಸ್ಟರ್‌ನ ಎರಡೂ ಪಕ್ಕ ಕೊಂಬಿನಂತೆ ಚಾಚಿಕೊಂಡಿರುವ ಭಾಗ ಇರುತ್ತದಲ್ಲ, ಪಟ್ಟಿಯನ್ನು ತೊಡೆಯ ಮೇಲೇ ಅದುಮಿ ಹಿಡಿಯುವುದು ಅದು. ದಿಂಬಿಗೆ ಅದೆಲ್ಲಿಂದ ಬರಬೇಕು? ಬೆಲ್ಟಿಗೆ ಸಿಕ್ಕಿಸಿ ಪಟ್ಟಿಯನ್ನು ಕೆಳಗೆಳೆಯುವ ಅಗ್ಗದ ಕ್ಲಿಪ್ಪುಗಳು ಸಿಗುತ್ತವೆ. ಭುಜದ ಪಟ್ಟಿ ಕೆಳಗೆ ಬಂದರೆ ಸೊಂಟದ ಪಟ್ಟಿ ಮೇಲೆ ಹೊಟ್ಟೆಗೆ ಎಳೆಯಲ್ಪಡುವಂಥವು ಅವುಗಳಲ್ಲಿ ಬಹಳ. ಅವನ್ನು ಬೂಸ್ಟರ್ ಬದಲಿಗೆ ಕೊಳ್ಳಬೇಡಿ.

ಮೂರನೇ ಹೆಜ್ಜೆ: ಲೇಬಲ್ ಓದಿ

ಸೀಟಿನ ಅಡಿಯಲ್ಲೋ ಬೆನ್ನ ಹಿಂದೋ ಅಂಟಿಸಿದ ಲೇಬಲ್ ಹುಡುಕಿ. ಯುರೋಪಿನ ನಿಯಮ ಅನುಸರಿಸುವ ಸೀಟಿನಲ್ಲಿ ಅದು ಕಿತ್ತಳೆ ಬಣ್ಣದ್ದು. ಅದರಲ್ಲಿ ಆರ್129 ಅಥವಾ ಆರ್44 ಅಂತ ಇರುತ್ತದೆ. ಆರ್44 ಹಳೆಯದು, ತೂಕದ ಲೆಕ್ಕ. ಬೂಸ್ಟರ್‌ಗಳಿಗೆ ಸಾಮಾನ್ಯವಾಗಿ 15ರಿಂದ 36 ಕೆ.ಜಿ. ಅಂತ ಬರೆದಿರುತ್ತದೆ. ಆರ್129 ಹೊಸದು, ಎತ್ತರದ ಲೆಕ್ಕ. ಬೆನ್ನಿರುವ ಬೂಸ್ಟರ್‌ಗೆ 100ರಿಂದ 150 ಸೆಂ.ಮೀ. ಅಂತ ಕಾಣುತ್ತದೆ. ಪಕ್ಕದಿಂದ ಬರುವ ಡಿಕ್ಕಿಯ ಪರೀಕ್ಷೆಯೂ ಆರ್129ರಲ್ಲಿ ಸೇರಿದೆ, ಆರ್44ರಲ್ಲಿ ಅದು ಇರಲಿಲ್ಲ. ಎರಡೂ ಸಿಗುವುದಾದರೆ ಆರ್129 ಆರಿಸಿ. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ, ಗುಣಮಟ್ಟದ ಅಂಕ ಅಲ್ಲ. ಇ1 ಅಂದರೆ ಜರ್ಮನಿ, ಇ4 ಅಂದರೆ ನೆದರ್ಲೆಂಡ್ಸ್. ಅಮೆರಿಕದ ಸೀಟುಗಳಲ್ಲಿ ಎಫ್‌ಎಂವಿಎಸ್‌ಎಸ್ 213 ಎಂಬ ನಿಯಮದ ಉಲ್ಲೇಖ ಇರುತ್ತದೆ.

ಯಾವ ಗುರುತೂ ಇಲ್ಲದ ಸೀಟು ಎಷ್ಟೇ ಚೆಂದ ಕಂಡರೂ ಬಿಟ್ಟುಬಿಡಿ. ಬಟ್ಟೆಯ ಚೀಲದಂಥ, ಪಟ್ಟಿಗಳನ್ನು ಕಾರಿನ ಸೀಟಿಗೆ ಸುತ್ತಿ ಕಟ್ಟುವ 'ಪೋರ್ಟಬಲ್ ಸೀಟು'ಗಳು ಆನ್‌ಲೈನ್‌ನಲ್ಲಿ ಕಾಣುತ್ತವೆ. ಲೇಬಲ್ ಕೇಳಿ ನೋಡಿ, ಉತ್ತರ ಬರುವುದಿಲ್ಲ.

ನಾಲ್ಕನೇ ಹೆಜ್ಜೆ: ನಿಮ್ಮ ಕಾರಿನಲ್ಲೇ ಇಟ್ಟು ನೋಡಿ

ಬೇರೆಯವರ ಕಾರಿನಲ್ಲಿ ಚೆನ್ನಾಗಿ ಕೂತ ಬೂಸ್ಟರ್ ನಿಮ್ಮ ಕಾರಿನಲ್ಲಿ ಕೂರದೇ ಇರಬಹುದು. ಸೀಟಿನ ಇಳಿಜಾರು, ಬೆಲ್ಟು ಹೊರಬರುವ ಜಾಗ, ಬಕಲ್‌ನ ಉದ್ದ ಎಲ್ಲ ಕಾರಿಗೂ ಬೇರೆ ಬೇರೆ. ಆಗುವುದಾದರೆ ಮಗುವನ್ನೂ ಕರೆದುಕೊಂಡು ಹೋಗಿ, ಕಾರಿನಲ್ಲಿಟ್ಟು, ಕೂರಿಸಿ, ಬೆಲ್ಟು ಹಾಕಿ ನೋಡಿಯೇ ಕೊಳ್ಳಿ. ಆನ್‌ಲೈನ್ ಆದರೆ ವಾಪಸ್ ಕೊಡಲು ಬರುವಂಥದ್ದನ್ನು ತರಿಸಿ.

ಮೊದಲು ನೋಡಬೇಕಾದ್ದು ಬೆಲ್ಟಿನ ಬಗೆ. ಬೂಸ್ಟರ್‌ಗೆ ಮೂರು ಬಿಂದುವಿನ ಬೆಲ್ಟೇ ಬೇಕು. ಹಿಂಬದಿ ಸೀಟಿನ ನಡುವಿನ ಜಾಗದಲ್ಲಿ ಬರೀ ಸೊಂಟದ ಪಟ್ಟಿ ಮಾತ್ರ ಇರುವ ಕಾರುಗಳು ಇನ್ನೂ ಓಡಾಡುತ್ತಿವೆ. ಅಲ್ಲಿ ಬೂಸ್ಟರ್ ಇಡಬಾರದು. ಮೈಯ ಮೇಲ್ಭಾಗವನ್ನು ಹಿಡಿಯಲು ಏನೂ ಇಲ್ಲದೆ ತಲೆ ಮುಂದಕ್ಕೆ ಬೀಸಿಹೋಗುತ್ತದೆ.

ಆಮೇಲೆ ಬಕಲ್. ಬೂಸ್ಟರ್ ಅಗಲವಾಗಿದ್ದು ಬಕಲ್ ಅದರ ಅಡಿಗೆ ಸಿಕ್ಕಿಕೊಂಡರೆ ಪ್ರತಿದಿನ ಜಗಳವೇ. ಬಕಲ್ ತೀರಾ ಉದ್ದವಾಗಿದ್ದು ಬೂಸ್ಟರ್‌ನ ಕೊಂಬಿನ ಅಂಚಿಗೆ ಬಾಗಿ ಒತ್ತುತ್ತಿದ್ದರೆ ಅದು ಇನ್ನೂ ಕೆಟ್ಟದು. ಹಾಗೆ ಅಡ್ಡ ಒತ್ತಡ ಬಿದ್ದ ಬಕಲ್ ಡಿಕ್ಕಿಯ ಹೊತ್ತಿನಲ್ಲಿ ಬಿಟ್ಟುಕೊಳ್ಳುವ ಅಪಾಯ ಇದೆ. ಅಂಥ ಜೋಡಿಯನ್ನು ಬಿಡಿ, ಬೇರೆ ಬೂಸ್ಟರ್ ನೋಡಿ.

ಬೂಸ್ಟರ್‌ನ ತಳ ಕಾರಿನ ಸೀಟಿನ ಮೇಲೆ ಪೂರ್ತಿ ಕೂರಬೇಕು, ಅಂಚಿನಾಚೆ ಜೋತಾಡಬಾರದು. ಬೆನ್ನಿನ ಭಾಗ ಕಾರಿನ ಸೀಟಿಗೆ ತಾಗಿರಬೇಕು. ಕಾರಿನ ಹೆಡ್‌ರೆಸ್ಟ್ ಅಡ್ಡ ಬಂದು ಬೂಸ್ಟರನ್ನು ಮುಂದಕ್ಕೆ ತಳ್ಳುತ್ತಿದ್ದರೆ ಅದನ್ನು ಮೇಲಕ್ಕೇರಿಸಿ ಅಥವಾ ತೆಗೆದಿಡಿ. ತೆಗೆಯಬಹುದೇ ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಬೇರೆಯವರು ಆ ಜಾಗದಲ್ಲಿ ಕೂರುವಾಗ ಅದನ್ನು ಮತ್ತೆ ಹಾಕುವುದು ಮರೆಯಬೇಡಿ.

ಐಸೋಫಿಕ್ಸ್, ಅಂದರೆ ಕಾರಿನ ಸೀಟಿನಲ್ಲಿರುವ ಲೋಹದ ಕೊಂಡಿಗೆ ಸಿಕ್ಕಿಸುವ ವ್ಯವಸ್ಥೆ, ಇರುವ ಬೂಸ್ಟರ್ ಬೇಕಾ ಅಂತ ತುಂಬ ಜನ ಕೇಳುತ್ತಾರೆ. ಬೂಸ್ಟರ್‌ನಲ್ಲಿ ಐಸೋಫಿಕ್ಸ್ ಹಿಡಿಯುವುದು ಸೀಟನ್ನೇ ಹೊರತು ಮಗುವನ್ನಲ್ಲ. ಆದರೂ ಅನುಕೂಲ ಇದೆ. ತಿರುವಿನಲ್ಲಿ ಸೀಟು ಓಲಾಡುವುದಿಲ್ಲ, ಮಗು ಹತ್ತುವಾಗ ಇಳಿಯುವಾಗ ಜಾಗ ಕದಲುವುದಿಲ್ಲ, ಖಾಲಿ ಇದ್ದಾಗಲೂ ಬಿಗಿಯಾಗಿರುತ್ತದೆ. ಇಲ್ಲದಿದ್ದರೂ ನಡೆಯುತ್ತದೆ, ಆದರೆ ಮಗು ಇಲ್ಲದಾಗ ಖಾಲಿ ಬೂಸ್ಟರ್‌ಗೂ ಬೆಲ್ಟು ಹಾಕಿಡಬೇಕು. ಜೋರಾಗಿ ಬ್ರೇಕ್ ಹಾಕಿದರೆ ಅದು ಹಾರಿ ಮುಂದಿನವರ ತಲೆಗೆ ಬಡಿಯಬಹುದು.

ಐದನೇ ಹೆಜ್ಜೆ: ಕೂರಿಸಿ ಬೆಲ್ಟು ಹಾಕುವುದು

ಇದನ್ನು ನಿಧಾನವಾಗಿ ಒಂದೆರಡು ಸಲ, ಕಾರು ನಿಂತಿರುವಾಗ, ಮಗುವಿನ ಜೊತೆ ಆಡುತ್ತಾ ಮಾಡಿ ನೋಡಿ. ಕೈಗೆ ರೂಢಿಯಾದ ಮೇಲೆ ನಿಮಿಷವೂ ಹಿಡಿಯುವುದಿಲ್ಲ.

1. ಮಗುವಿನ ಕುಂಡಿ ಬೂಸ್ಟರ್‌ನ ಹಿಂದಿನ ಮೂಲೆಗೆ ತಾಗುವ ಹಾಗೆ ಕೂರಿಸಿ. ಬೆನ್ನ ಹಿಂದೆ ಶಾಲೆಯ ಬ್ಯಾಗ್ ಇರಬಾರದು. ದಪ್ಪ ಜಾಕೆಟ್ ಹಾಕಿದ್ದರೆ ಬಿಚ್ಚಿ. ಹತ್ತಿ ತುಂಬಿದ ಜಾಕೆಟ್ ಏಟಿಗೆ ಅಮುಕಿಹೋಗುತ್ತದೆ, ಅಷ್ಟರ ಮಟ್ಟಿಗೆ ಬೆಲ್ಟು ಸಡಿಲ ಆದಂತೆ. ಚಳಿಯಾದರೆ ಬೆಲ್ಟು ಹಾಕಿದ ಮೇಲೆ ಜಾಕೆಟ್ ಅಥವಾ ಶಾಲನ್ನು ಮೇಲಿಂದ ಹೊದಿಸಿ.

2. ಬೆನ್ನಿರುವ ಬೂಸ್ಟರ್ ಆದರೆ ತಲೆಯ ಭಾಗದ ಎತ್ತರ ಸರಿಮಾಡಿ. ಭುಜದ ಪಟ್ಟಿ ಹಾಯುವ ಗೈಡ್ ಮಗುವಿನ ಭುಜದ ಮಟ್ಟಕ್ಕೆ ಅಥವಾ ತುಸು ಮೇಲೆ ಇರಬೇಕು. ಭುಜಕ್ಕಿಂತ ಕೆಳಗಿದ್ದರೆ ಪಟ್ಟಿ ಭುಜವನ್ನು ಕೆಳಕ್ಕೆ ಒತ್ತುತ್ತದೆ. ತೀರಾ ಮೇಲಿದ್ದರೆ ಕತ್ತಿಗೆ ಬರುತ್ತದೆ. ಮಕ್ಕಳು ಸದ್ದಿಲ್ಲದೆ ಬೆಳೆಯುತ್ತಾರೆ, ಆದ್ದರಿಂದ ಆಗಾಗ ಇದನ್ನು ನೋಡುತ್ತಿರಬೇಕು.

3. ಬೆಲ್ಟನ್ನು ನಿಧಾನವಾಗಿ ಎಳೆಯಿರಿ, ಎಲ್ಲೂ ತಿರುಚಿಕೊಂಡಿಲ್ಲ ಅಂತ ನೋಡಿ. ಮೇಲಿನ ಪಟ್ಟಿಯನ್ನು ತಲೆಯ ಬಳಿಯ ಗೈಡ್‌ಗೆ ಹಾಕಿ. ಯುರೋಪಿನ ಸೀಟುಗಳಲ್ಲಿ ಬೆಲ್ಟಿನ ದಾರಿಗೆ ಕೆಂಪು ಬಣ್ಣ ಬಳಿದಿರುತ್ತದೆ, ಅದನ್ನೇ ಹಿಂಬಾಲಿಸಿದರೆ ಸಾಕು.

4. ಕೆಳಗಿನ ಪಟ್ಟಿಯನ್ನು ಎರಡೂ ಕಡೆ ಕೊಂಬಿನ ಅಡಿಯಿಂದ ತನ್ನಿ. ಬಕಲ್ ಇರುವ ಕಡೆ ಮೇಲಿನ ಪಟ್ಟಿಯೂ ಸಾಮಾನ್ಯವಾಗಿ ಕೊಂಬಿನ ಅಡಿಯಿಂದಲೇ ಬರಬೇಕು. ತಪ್ಪುವುದು ಬಹುಪಾಲು ಇಲ್ಲೇ. ಕೊಂಬಿನ ಮೇಲಿಂದ ಹಾಯಿಸಿದ ಪಟ್ಟಿ ತೊಡೆಯನ್ನು ಮುಟ್ಟುವುದೇ ಇಲ್ಲ, ನೇರ ಹೊಟ್ಟೆಗೆ ಹೋಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಮಗು ಬೆಲ್ಟು ಹಾಕಿಕೊಂಡಂತೆಯೇ ಕಾಣುತ್ತದೆ, ಅದೇ ಮೋಸ. ನಿಮ್ಮ ಸೀಟಿನ ಮ್ಯಾನ್ಯುಯಲ್‌ನಲ್ಲಿರುವ ಚಿತ್ರವನ್ನೊಮ್ಮೆ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ.

5. ಬಕಲ್ ಹಾಕಿ. ಕ್ಲಿಕ್ ಅಂದಿದ್ದು ಕೇಳಿಸಬೇಕು. ಆಮೇಲೆ ಭುಜದ ಪಟ್ಟಿಯನ್ನು ಹಿಡಿದು ಮೇಲಕ್ಕೆ ಎಳೆಯಿರಿ. ತೊಡೆಯ ಮೇಲಿನ ಸಡಿಲವೆಲ್ಲ ಮೇಲಕ್ಕೆ ಬಂದು ರೀಲಿನೊಳಗೆ ಸುತ್ತಿಕೊಳ್ಳುತ್ತದೆ. ಈ ಒಂದು ಎಳೆತವನ್ನು ಯಾರೂ ಮಾಡುವುದಿಲ್ಲ. ಮಾಡಲೇಬೇಕು.

6. ಈಗ ಒಂದು ಹೆಜ್ಜೆ ಹಿಂದೆ ಸರಿದು ನೋಡಿ. ಕೆಳಗಿನ ಪಟ್ಟಿ ತೊಡೆಯ ಬುಡದಲ್ಲಿದೆಯಾ? ಮೇಲಿನದು ಕತ್ತು ಮತ್ತು ಭುಜದ ತುದಿಯ ನಡುವೆ, ಎದೆಯ ಮಧ್ಯದಲ್ಲಿ ಹಾದು ಬಂದಿದೆಯಾ? ಕೆನ್ನೆಗೆ, ಕತ್ತಿಗೆ ತಾಗುತ್ತಿಲ್ಲ ತಾನೆ? ಭುಜದ ತುದಿಯಿಂದ ಜಾರಿ ತೋಳಿಗೆ ಬಂದಿಲ್ಲ ತಾನೆ?

7. ಕೊನೆಗೆ ಮಗುವಿಗೆ ಮುಂದೆ ಬಾಗಿ ಮತ್ತೆ ಹಿಂದೆ ಕೂರಲು ಹೇಳಿ. ಬೆಲ್ಟು ತಾನಾಗೇ ಒಳಗೆ ಎಳೆದುಕೊಂಡು ಮತ್ತೆ ಮೈಗೆ ತಾಗಬೇಕು. ಸಡಿಲವಾಗಿ ಜೋತುಬಿದ್ದರೆ ಗೈಡ್‌ನಲ್ಲಿ ಎಲ್ಲೋ ಸಿಕ್ಕಿಕೊಳ್ಳುತ್ತಿದೆ ಅಂತ ಅರ್ಥ. ತಲೆಯ ಭಾಗದ ಎತ್ತರ ಬದಲಿಸಿ ಮತ್ತೆ ನೋಡಿ. ಹಾಗೂ ಸರಿಹೋಗದಿದ್ದರೆ ಆ ಬೂಸ್ಟರ್ ಆ ಕಾರಿಗೆ ಹೊಂದುವುದಿಲ್ಲ.

ಕೆಲವು ಕಾರುಗಳ ಬೆಲ್ಟನ್ನು ಕೊನೆಯ ತನಕ ಎಳೆದರೆ ಲಾಕ್ ಆಗುವ ವ್ಯವಸ್ಥೆಗೆ ಹೋಗುತ್ತದೆ. ಒಳಗೆ ಸುತ್ತಿಕೊಳ್ಳುವಾಗ ಟಕಟಕ ಅನ್ನುತ್ತದೆ, ಮತ್ತೆ ಹೊರಕ್ಕೆ ಬರುವುದಿಲ್ಲ. ಹಾರ್ನೆಸ್ ಸೀಟನ್ನು ಬಿಗಿಯಲು ಇಟ್ಟ ಸೌಲಭ್ಯ ಅದು. ಬೂಸ್ಟರ್‌ಗೆ ಅದು ಬೇಡ. ಮಗು ಕದಲಿದಂತೆಲ್ಲ ಬೆಲ್ಟು ಬಿಗಿಯುತ್ತಾ ಹೋಗಿ ಅಳು ಶುರುವಾಗುತ್ತದೆ. ಹಾಗಾದರೆ ಬಕಲ್ ತೆಗೆದು, ಬೆಲ್ಟನ್ನು ಪೂರ್ತಿ ಒಳಗೆ ಬಿಟ್ಟು, ಮತ್ತೆ ಬೇಕಾದಷ್ಟೇ ಎಳೆದು ಹಾಕಿ.

ಎಲ್ಲಿ ಕೂರಿಸಬೇಕು?

ಹಿಂಬದಿ ಸೀಟಿನಲ್ಲಿ. 13 ವರ್ಷದವರೆಗೂ ಮಕ್ಕಳು ಹಿಂದೆಯೇ ಕೂರುವುದು ಒಳ್ಳೆಯದು. ಮುಂದಿನ ಏರ್‌ಬ್ಯಾಗ್ ದೊಡ್ಡವರ ಎದೆಯ ಎತ್ತರ ಲೆಕ್ಕ ಹಾಕಿ ಉಬ್ಬುವಂಥದ್ದು, ಮಗುವಿನ ಮುಖಕ್ಕೆ ಬಡಿಯುತ್ತದೆ. ಬೇರೆ ದಾರಿಯೇ ಇಲ್ಲದೆ ಮುಂದೆ ಕೂರಿಸಬೇಕಾಗಿ ಬಂದರೆ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಏರ್‌ಬ್ಯಾಗ್ ಬಗ್ಗೆ ಕಾರಿನ ಪುಸ್ತಕ ಮತ್ತು ಬೂಸ್ಟರ್ ಮ್ಯಾನ್ಯುಯಲ್ ಏನು ಹೇಳುತ್ತವೋ ಹಾಗೆ ಮಾಡಿ. ಹಿಂದೆ ಯಾವ ಬದಿ ಅಂದರೆ, ಬೆಲ್ಟು ಚೆನ್ನಾಗಿ ಕೂರುವ ಬದಿ. ಎರಡೂ ಸಮ ಇದ್ದರೆ ರಸ್ತೆಯ ಅಂಚಿನ ಕಡೆಯದು ಮೇಲು, ಮಗು ವಾಹನಗಳ ಕಡೆ ಇಳಿಯಬೇಕಾಗುವುದಿಲ್ಲ.

ದಿನದಿನದ ತಾಪತ್ರಯಗಳು

ಬೆಲ್ಟನ್ನು ಕಂಕುಳ ಕೆಳಗೆ ಹಾಕಿಕೊಳ್ಳುವ ಅಭ್ಯಾಸ ಎಲ್ಲ ಮಕ್ಕಳಿಗೂ ಒಂದಲ್ಲ ಒಂದು ದಿನ ಬರುತ್ತದೆ. ಗದರುವ ಮೊದಲು ಪಟ್ಟಿ ಕತ್ತಿಗೆ ಉಜ್ಜುತ್ತಿದೆಯಾ ನೋಡಿ. ಗೈಡ್ ಸರಿಮಾಡಿದರೆ ಎಷ್ಟೋ ಸಲ ಅಭ್ಯಾಸವೇ ಹೋಗುತ್ತದೆ. ಬೇಕಂತಲೇ ಮಾಡುತ್ತಿದ್ದರೆ ಉಪಾಯ ಒಂದೇ. ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ, ಪಟ್ಟಿ ಸರಿಯಾದ ಮೇಲೆ ಹೊರಡಿ. ನಾಲ್ಕು ಸಲ ಹೀಗೆ ನಿಂತರೆ ಮಗುವಿಗೆ ಅರ್ಥ ಆಗುತ್ತದೆ. ಓಡುತ್ತಿರುವ ಕಾರಿನಲ್ಲಿ ಹಿಂದಕ್ಕೆ ಕೈಚಾಚಿ ಸರಿಮಾಡಲು ಹೋಗಬೇಡಿ. ಇನ್ನು ದೊಡ್ಡವರೇ ಬೆಲ್ಟು ಹಾಕದೆ ಕೂತಿದ್ದರೆ ಮಕ್ಕಳಿಗೆ ಹೇಳುವ ಯೋಗ್ಯತೆ ಎಲ್ಲಿ ಉಳಿಯಿತು?

'ನಾನೇ ಹಾಕ್ಕೋತೀನಿ' ಅನ್ನುವ ವಯಸ್ಸೂ ಇದೇ. ಹಾಕಿಕೊಳ್ಳಲಿ. ಆದರೆ ಹೊರಡುವ ಮೊದಲು ನೀವು ಕೈಯಿಟ್ಟು ನೋಡಿ. ಅರ್ಧ ಸಿಕ್ಕಿಕೊಂಡ ಬಕಲ್ ಕಣ್ಣಿಗೆ ಗೊತ್ತಾಗುವುದಿಲ್ಲ, ಎಳೆದರೆ ಗೊತ್ತಾಗುತ್ತದೆ.

ನಿದ್ದೆ ಬಂದಾಗ ಮಗು ವಾಲುತ್ತದೆ, ಪಟ್ಟಿ ಭುಜದಿಂದ ಜಾರುತ್ತದೆ. ಮಧ್ಯಾಹ್ನದ ಊಟದ ನಂತರದ ದೂರದ ದಾರಿಗೆ ಬೆನ್ನಿರುವ ಬೂಸ್ಟರೇ ಇರಲಿ. ತಲೆಯನ್ನು ಹಣೆಗೆ ಪಟ್ಟಿ ಕಟ್ಟಿ ಹಿಡಿಸುವ ಸಾಮಾನುಗಳು ಬೇಡ. ಡಿಕ್ಕಿಯಲ್ಲಿ ಮೈ ಮುಂದಕ್ಕೆ ಹೋಗಿ ತಲೆ ಹಿಂದೆಯೇ ಉಳಿದರೆ ಕತ್ತಿನ ಗತಿ ಏನು?

ಟ್ಯಾಬ್, ಗಟ್ಟಿ ಆಟಿಕೆ, ಸ್ಟೀಲ್ ಬಾಟಲಿ ಎಲ್ಲ ಹಿಂದಿನ ಸೀಟಿನಲ್ಲಿ ಬಿಡಿಬಿಡಿಯಾಗಿ ಬಿದ್ದಿರುತ್ತವೆ. ಬಟ್ಟೆಯ ಗೊಂಬೆ ಸಾಕು, ಮಿಕ್ಕಿದ್ದು ಕಾರಿನ ಹಿಂದೆ ಲಗೇಜ್ ಇಡುವ ಜಾಗದಲ್ಲಿರಲಿ.

ಮೂರು ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಬೇಕಾದವರು ಬೂಸ್ಟರ್‌ನ ಅಗಲವನ್ನು ಟೇಪ್ ಹಿಡಿದು ಅಳೆದೇ ಕೊಳ್ಳಬೇಕು. ಕಷ್ಟ ಬರುವುದು ಸೀಟು ಹಿಡಿಸುವುದರಲ್ಲಿ ಅಲ್ಲ, ಬಕಲ್‌ಗಳಿಗೆ ಕೈ ತಲುಪುವುದರಲ್ಲಿ. ಅಜ್ಜಿಯ ಮನೆಗೆ, ಟ್ಯಾಕ್ಸಿಗೆ, ಗೆಳೆಯರ ಕಾರಿಗೆ ಅಂತ ಮಗು ಆಗಾಗ ಬೇರೆಯವರ ಜೊತೆ ಹೋಗುತ್ತಿದ್ದರೆ, ಎತ್ತರ ಸಾಕಾದ ಮೇಲೆ ಹಗುರವಾದ ಬೆನ್ನಿಲ್ಲದ ಬೂಸ್ಟರ್ ಒಂದು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ಕರೆದೊಯ್ಯುವವರಿಗೆ ಬೆಲ್ಟಿನ ದಾರಿ ಒಂದು ಸಲ ಮಾಡಿ ತೋರಿಸಿ, ಬಾಯಲ್ಲಿ ಹೇಳಿದರೆ ಸಾಲದು.

ಹಳೆಯ ಸೀಟು, ಗುದ್ದಿಸಿಕೊಂಡ ಸೀಟು

ಬೂಸ್ಟರ್‌ಗೂ ಆಯಸ್ಸಿದೆ. ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತಿದ ತಯಾರಿಕೆಯ ದಿನಾಂಕ ಇರುತ್ತದೆ. ಬಹುತೇಕ ಕಂಪನಿಗಳು 6ರಿಂದ 10 ವರ್ಷ ಅನ್ನುತ್ತವೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಪ್ಲಾಸ್ಟಿಕ್ಕು, ಥರ್ಮೋಕೋಲು ನಿಧಾನಕ್ಕೆ ಪೆಡಸಾಗುತ್ತವೆ.

ಬಳಸಿದ ಸೀಟು ತೆಗೆದುಕೊಳ್ಳುವುದಾದರೆ ಅದರ ಚರಿತ್ರೆ ಪೂರ್ತಿ ಗೊತ್ತಿರುವ ನಂಬಿಕಸ್ಥರಿಂದ ಮಾತ್ರ. ಅಪಘಾತಕ್ಕೆ ಸಿಕ್ಕ ಸೀಟಿನ ಬಿರುಕು ಬಟ್ಟೆಯ ಕೆಳಗೆ ಅಡಗಿರುತ್ತದೆ. ದೊಡ್ಡ ಅಪಘಾತವಾದರೆ ಸೀಟನ್ನು ಬದಲಿಸಲೇಬೇಕು. ಸಣ್ಣದು ಅಂದರೆ ಯಾವುದು ಅನ್ನುವುದಕ್ಕೆ ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಐದು ಮಾತು ಹೇಳುತ್ತದೆ: ಕಾರನ್ನು ಅಲ್ಲಿಂದ ಓಡಿಸಿಕೊಂಡು ಬರುವಂತಿರಬೇಕು, ಸೀಟಿನ ಹತ್ತಿರದ ಬಾಗಿಲು ಹಾಳಾಗಿರಬಾರದು, ಒಳಗಿದ್ದ ಯಾರಿಗೂ ಗಾಯ ಆಗಿರಬಾರದು, ಏರ್‌ಬ್ಯಾಗ್ ಬಿಚ್ಚಿಕೊಂಡಿರಬಾರದು, ಸೀಟಿನಲ್ಲಿ ಕಣ್ಣಿಗೆ ಕಾಣುವ ಹಾನಿ ಇರಬಾರದು. ಐದೂ ಹೌದಾದರೆ ಮಾತ್ರ ಅದು ಸಣ್ಣದು. ಆದರೂ ಸೀಟಿನ ಕಂಪನಿ ಯಾವ ಅಪಘಾತವಾದರೂ ಬದಲಿಸಿ ಅಂದಿದ್ದರೆ ಅದೇ ಕೊನೆಯ ಮಾತು.

ಬಟ್ಟೆಯ ಕವರ್ ಕೊಳೆಯಾದರೆ ಲೇಬಲ್‌ನಲ್ಲಿ ಹೇಳಿದಂತೆ ಒಗೆಯಿರಿ. ಬೇರೆ ಕಂಪನಿಯ ಕವರ್, ಮೆತ್ತೆ ಹಾಕಬೇಡಿ, ಜಾರುವ ಗುಣ ಬದಲಾಗುತ್ತದೆ.

ಯಾವಾಗ ಬಿಡಬಹುದು?

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು. ಬ್ರಿಟನ್‌ನಲ್ಲಿ 12 ವರ್ಷ ಅಥವಾ 135 ಸೆಂ.ಮೀ., ಯಾವುದು ಮೊದಲೋ ಅದು. ಯುರೋಪಿನ ಹಲವೆಡೆ 150 ಸೆಂ.ಮೀ. ಆದರೆ ಕಾರಿನ ಬೆಲ್ಟಿಗೆ ಕಾನೂನು ಗೊತ್ತಿಲ್ಲ. ಬಹುಪಾಲು ಕಾರುಗಳಲ್ಲಿ ಅದು ಸರಿಯಾಗಿ ಕೂರಲು ಸುಮಾರು 145 ಸೆಂ.ಮೀ. ಎತ್ತರ ಬೇಕು. ತುಂಬ ಮಕ್ಕಳು ಅಷ್ಟಾಗುವುದು 10ರಿಂದ 12ರ ವಯಸ್ಸಿನಲ್ಲಿ. ಏಳೆಂಟು ವರ್ಷಕ್ಕೇ ಬೂಸ್ಟರ್ ಅಟ್ಟ ಸೇರುವುದು ಎಲ್ಲೆಡೆ ಕಾಣುವ ಸಂಗತಿ, ಅದು ತೀರಾ ಬೇಗ.

ಪರೀಕ್ಷೆ ಹೀಗೆ. ಬೂಸ್ಟರ್ ತೆಗೆದು ಮಗುವನ್ನು ಕಾರಿನ ಸೀಟಿನಲ್ಲಿ ಕೂರಿಸಿ. ಬೆನ್ನು ಪೂರ್ತಿ ಹಿಂದಕ್ಕೆ ತಾಗಬೇಕು. ಹಾಗೆ ತಾಗಿರುವಾಗಲೇ ಮೊಣಕಾಲು ಸೀಟಿನ ಅಂಚಿನಲ್ಲಿ ಸಲೀಸಾಗಿ ಮಡಚಬೇಕು. ಕೆಳಗಿನ ಪಟ್ಟಿ ತೊಡೆಯ ಬುಡದಲ್ಲಿ, ಮೇಲಿನದು ಭುಜದ ನಡುವೆ ಬರಬೇಕು. ಐದನೆಯದು, ಪ್ರಯಾಣ ಮುಗಿಯುವ ತನಕ ಹಾಗೆಯೇ ಕೂರಲು ಆಗಬೇಕು. ಮೊದಲ ನಾಲ್ಕನ್ನು ಅಂಗಳದಲ್ಲಿ ನಿಂತ ಕಾರಿನಲ್ಲೇ ನೋಡಬಹುದು. ಐದನೆಯದಕ್ಕೆ, ಒಂದು ಗಂಟೆಯ ದಾರಿ ಹೋಗಿ ಬಂದು ಇಳಿಯುವ ಮೊದಲು ಹಿಂದೆ ತಿರುಗಿ ನೋಡಿ. ಮಗು ಜಾರಿ ಕೂತಿದ್ದರೆ ಬೂಸ್ಟರ್ ಇನ್ನೂ ಬೇಕು.

ನಿಮ್ಮ ಕಾರಿನಲ್ಲಿ ಪಾಸಾದ ಮಗು ಸೀಟು ಆಳವಾಗಿರುವ ಇನ್ನೊಂದು ಕಾರಿನಲ್ಲಿ ಫೇಲಾಗಬಹುದು. ಬೂಸ್ಟರನ್ನು ಒಮ್ಮೆಲೇ ಯಾರಿಗೋ ಕೊಟ್ಟುಬಿಡಬೇಡಿ. ಒಂದಷ್ಟು ತಿಂಗಳು ಲಗೇಜ್ ಇಡುವ ಜಾಗದಲ್ಲೇ ಇರಲಿ, ಬೇರೆ ಕಾರಿನಲ್ಲಿ ಹೋಗುವ ದಿನ ಮಗುವಿನ ಜೊತೆ ಅದನ್ನೂ ಕಳಿಸಬಹುದು.